ವಾರಿಗೆ ಕಾಲಿಗೆ ಏನು ಹಾಕೋದು? ಅಮ್ಮ ಬರಿಗಾಲು ಅಂತಿದ್ದಾರೆ

ಕಾಳಿ ದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಈ ಸಲ ಅಮ್ಮ ಮತ್ತು ನಾನು ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ಕಾಲ್ನಡಿಗೆ ಯಾತ್ರೆಗೆ, ಹೊರಟಿದ್ದೇವೆ. ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾದುಕೆಯ ಪಾಲಕಿ ಜೊತೆ ನಡಿಗೆ. ಸುಮಾರು 250 ಕಿ.ಮೀ., ಮೂರು ವಾರದ ಹತ್ತಿರ. ನಮ್ಮ ಓಣಿಯಿಂದ ಹೋಗಿ ಬಂದವರ ಮೂಲಕ ಒಂದು ದಿಂಡಿಯಲ್ಲಿ (ಜೊತೆಯಾಗಿ ನಡೆಯುವವರ ಗುಂಪು) ಹೆಸರು ಬರೆಸಿದ್ದೇವೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿರುವುದರಿಂದ ನಾವು ಪಂಢರಪುರ ಮುಟ್ಟಬೇಕಾದ ಆಷಾಢ ಏಕಾದಶಿ ಜುಲೈ 25ಕ್ಕೆ ಹೋಗಿದೆ. ಅಂದರೆ ಮಳೆ ಚೆನ್ನಾಗಿ ಹಿಡಿದ ಮೇಲೆ ನಮ್ಮ ನಡಿಗೆ.

ನನ್ನ ಗೊಂದಲ ಪೂರ್ತಿ ಕಾಲಿನದು. ಶೂ ತಗೊಳ್ಳಲಾ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕಾ, ಹವಾಯಿ ಚಪ್ಪಲಿಯಲ್ಲೇ ಆಗುತ್ತಾ? ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ 'ಆಗುತ್ತದೆ' ಅಂತಾರೆ.

ಅಮ್ಮನದು ಬೇರೆ ವಿಷಯ. ಅವರಿಗೆ 58. ಅಪ್ಪನ ಆಪರೇಷನ್ ಸಮಯದಲ್ಲಿ ಹರಕೆ ಹೊತ್ತಿದ್ದರು, ಬರಿಗಾಲಲ್ಲಿ ವಿಠ್ಠಲನ ಹತ್ತಿರ ಬರುತ್ತೇನೆ ಅಂತ. ಅಪ್ಪ ಈಗ ಆರಾಮಾಗಿದ್ದಾರೆ. ಹರಕೆ ತೀರಿಸದೆ ಅಮ್ಮನಿಗೆ ನಿದ್ದೆ ಇಲ್ಲ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಸೋಂದೆ ದಾರಿಹೋಕ, ಶಿರಸಿ

ನಾಲ್ಕು ವಾರಿ ಮಾಡಿದ್ದೇನೆ. ಮೊದಲನೇ ಸಲ ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಹೊರಡುವ ನಾಲ್ಕು ದಿನ ಮೊದಲು ಹೊಸ ಶೂ ತಗೊಂಡೆ. ದಪ್ಪನೆಯದು, ನೀರು ಒಳಗೆ ಹೋಗದು ಎಂದು ಅಂಗಡಿಯವರು ಹೇಳಿದ್ದರು. ಪುಣೆ ತಲುಪುವ ಮೊದಲೇ ಜೋರು ಮಳೆ. ನೀರು ಮೇಲಿಂದ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಇಡೀ ದಿನ ಕಾಲು ಬಕೆಟ್ಟಿನಲ್ಲಿ ಇಟ್ಟುಕೊಂಡು ನಡೆದ ಹಾಗೆ ಆಯಿತು. ಸಂಜೆ ಸಾಕ್ಸ್ ತೆಗೆದರೆ ಅಂಗಾಲು ಬೆಳ್ಳಗೆ, ಸುಕ್ಕು ಸುಕ್ಕು. ಎಡ ಹಿಮ್ಮಡಿಯಲ್ಲಿ ಅಡಿಕೆ ಗಾತ್ರದ ನೀರುಗುಳ್ಳೆ.

ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ಇಡೀ ವಾರಿಯಲ್ಲೇ ಕಷ್ಟದ ದಿನ. 30 ಕಿ.ಮೀ. ಮೇಲೆ ನಡೆಯಬೇಕು, ಕೊನೆಗೆ ದಿವೆ ಘಾಟಿ ಹತ್ತಬೇಕು. ಆ ಘಾಟಿಯನ್ನು ನಾನು ಶೂ ಕೈಯಲ್ಲಿ ಹಿಡಿದುಕೊಂಡು ಹತ್ತಿದೆ. ಸುತ್ತಲೂ ತಾಳ, ಮೃದಂಗ, ಮೋಡ ನೆಲಕ್ಕೆ ಇಳಿದಿತ್ತು, ಎಂಥ ಚಂದ ಇತ್ತು. ನನಗೆ ನೆನಪಿರುವುದು ಮಾತ್ರ ನನ್ನ ಹಿಮ್ಮಡಿ.

ಎರಡನೇ ಸಲದಿಂದ ಬಲೆಬಟ್ಟೆಯ ಹಗುರ ಓಟದ ಶೂ ಹಾಕುತ್ತೇನೆ. ನೀರು ಹೋದ ದಾರಿಯಲ್ಲೇ ಹೊರಗೆ ಬರುತ್ತದೆ, ನಡೆಯುತ್ತಾ ಅರ್ಧ ಒಣಗುತ್ತದೆ. ಮನೆಯಲ್ಲಿ ಹಾಕುವುದಕ್ಕಿಂತ ಒಂದು ನಂಬರ್ ದೊಡ್ಡದು ತಗೊಳ್ಳಿ. ನಾಲ್ಕೈದು ದಿನ ನಡೆದ ಮೇಲೆ ಕಾಲು ಊದಿ ಅಗಲ ಆಗುತ್ತದೆ. ಅಂಗಡಿಗೆ ಸಂಜೆ ಹೋಗಿ, ಬೆಳಿಗ್ಗೆ ಬೇಡ. ಹಾಕುವ ಸಾಕ್ಸ್ ಜೊತೆಗೇ ಒಯ್ದು, ಹಾಕಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ. ಹೆಬ್ಬೆರಳ ಮುಂದೆ ಒಂದು ಬೆರಳ ಅಗಲ ಜಾಗ ಇರಲೇಬೇಕು. ಕನಿಷ್ಠ 100 ಕಿ.ಮೀ. ಅದರಲ್ಲಿ ಇಲ್ಲೇ ನಡೆದು ಆಮೇಲೆ ಆಳಂದಿಗೆ ಹೋಗಿ.

ಎರಡನೇ ಜೋಡಿ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ದಿಂಡಿಯ ಲಾರಿಯಲ್ಲಿ ಚೀಲ ಹೋಗುತ್ತದೆ. ಆದರೆ ಹಗಲು ಅದು ನಿಮ್ಮ ಕೈಗೆ ಸಿಗುವುದಿಲ್ಲ. ಸ್ಯಾಂಡಲ್ ಮತ್ತು ಒಂದು ಜೊತೆ ಒಣ ಸಾಕ್ಸ್ ಹೆಗಲ ಚೀಲದಲ್ಲೇ ಇರಲಿ.

ಹಳಿಯಾಳದವ

ನಮ್ಮ ಅಜ್ಜ ಇಪ್ಪತ್ತು ವರ್ಷ ವಾರಿ ಮಾಡಿದ್ದು ಕೊಲ್ಹಾಪುರಿ ಚಪ್ಪಲಿಯಲ್ಲಿ. ಕರ್‌ಕರ್ ಅಂತ ಸದ್ದು ಮಾಡಿಕೊಂಡು. ಶೂ ಎಲ್ಲ ಈಗಿನವರಿಗೆ. ಹೆಸರು ಕೊಲ್ಹಾಪುರದ್ದಾದರೂ ಅದು ನಮ್ಮ ಕಡೆಯದ್ದೂ ಹೌದು. 2019ರಲ್ಲಿ ಜಿಐ ಟ್ಯಾಗ್ (ಮೂಲ ಪ್ರದೇಶದ ಗುರುತು) ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ.

ಸೋಂದೆ ದಾರಿಹೋಕ, ಶಿರಸಿ

ಅಜ್ಜನ ಕಾಲಿಗೆ ನಮಸ್ಕಾರ. ಆ ಚಪ್ಪಲಿಯ ಮೇಲೆ ನನಗೂ ಪ್ರೀತಿ ಇದೆ, ಮದುವೆ ಮನೆಗೆ ಅದನ್ನೇ ಹಾಕುತ್ತೇನೆ. ಆದರೆ ಅಜ್ಜ ವರ್ಷವಿಡೀ ಅದನ್ನೇ ಹಾಕಿ ಹೊಲದಲ್ಲಿ ಓಡಾಡಿದವರು ಅಲ್ವಾ? ಆ ಚರ್ಮ ಅವರ ಪಾದದ ಆಕಾರಕ್ಕೆ ಕೂತಿರುತ್ತದೆ. ಹೊಸ ಕೊಲ್ಹಾಪುರಿ ಮಳೆಯಲ್ಲಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಹಲಗೆ ಆಗುತ್ತದೆ. ಉಂಗುಟ ಬೆರಳ ಸಂದಿಯನ್ನು ಕೊಯ್ಯುತ್ತದೆ. ಹೊಸಬರಿಗೆ ಬೇಡ.

ಅಂಕೋಲೆ ಗಜನಿ

ಬರಿಗಾಲು ಅಂದರೆ ಯಾಕೆ ಎಲ್ಲರೂ ಹೆದರುತ್ತೀರಿ? ನಾನು ಹುಟ್ಟಿದಾಗಿನಿಂದ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯಲ್ಲಿ, ಹಿನ್ನೀರಲ್ಲಿ ಬರಿಗಾಲಲ್ಲೇ ಇದ್ದವನು. ಸಿಂಪಿ ಚೂರು ಕೂಡ ನನ್ನ ಅಂಗಾಲಿಗೆ ನಾಟುವುದಿಲ್ಲ. ಶಬರಿಮಲೆಗೆ ಒಂಬತ್ತು ಸಲ ಹೋಗಿದ್ದೇನೆ, ಎರುಮೇಲಿಯಿಂದ ಕಾಡು ದಾರಿಯಲ್ಲಿ. ಮಾಲೆ ಹಾಕಿದ ದಿನದಿಂದ ಚಪ್ಪಲಿ ಇಲ್ಲ. ಕಾಲು ತಾನೇ ಗಟ್ಟಿ ಆಗುತ್ತದೆ. ಅಮ್ಮನ ಹರಕೆಗೆ ಅಡ್ಡ ಬರಬೇಡಿ. ನಡೆಸುವವನು ಮೇಲೆ ಇದ್ದಾನೆ.

ಮುರ್ಡೇಶ್ವರ 66

ನಾನು ವಾರಿ ಮಾಡಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಮೂರು ಸಲ ನಡೆದಿದ್ದೇನೆ, ಹಾಸನದಲ್ಲಿ ಕೆಲಸದಲ್ಲಿದ್ದಾಗ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬೆರಳುಗಳು ಶೂ ಮುಂದಕ್ಕೆ ಗುದ್ದಿ ಎರಡು ಉಗುರು ಕಪ್ಪಾಗಿ ಬಿದ್ದವು. ಉಗುರು ಕತ್ತರಿಸದೆ ಹೋಗಿದ್ದೆ. ಹೊರಡುವ ಮೂರ್ನಾಲ್ಕು ದಿನ ಮೊದಲು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಇಳಿಜಾರಿನಲ್ಲಿ ಲೇಸ್ ಬಿಗಿ ಮಾಡಿ, ಪಾದ ಮುಂದೆ ಜಾರಬಾರದು.

ಬರಿಗಾಲಿನವರು ಆ ದಾರಿಯಲ್ಲೂ ಇದ್ದರು. ಹಗಲು ಟಾರ್ ಕಾದ ಕಾವಲಿ ಆಗಿರುತ್ತದೆ. ಅವರು ರಾತ್ರಿ ನಡೆದು ಹಗಲು ಮಲಗುತ್ತಿದ್ದರು. ವಾರಿಯಲ್ಲಿ ಪಾಲಕಿ ಹೊರಟಾಗ ಹೊರಡಬೇಕು, ನಿಮ್ಮ ಹೊತ್ತು ನೀವು ಆರಿಸಲು ಆಗುವುದಿಲ್ಲ ಅಲ್ವಾ?

ಅಘನಾಶಿನಿ ನರ್ಸಕ್ಕ, ಕುಮಟಾ

ಕಾಳಿ ದಂಡೆ, ಒಂದು ಪ್ರಶ್ನೆ. ಉಳಿದದ್ದು ಆಮೇಲೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯಾ?

ಕಾಳಿ ದಂಡೆ, ಕಾರವಾರ

ಇದೆ ಅಕ್ಕಾ. ಎಂಟು ವರ್ಷ ಆಯಿತು. ಮಾತ್ರೆ ತಗೊಳ್ಳುತ್ತಾರೆ. ಆದರೆ ಕಂಟ್ರೋಲಲ್ಲಿ ಇದೆ. ಕಾಲು ನೋವು ಅಂತ ಒಂದು ದಿನವೂ ಹೇಳಿದವರಲ್ಲ.

ಅಘನಾಶಿನಿ ನರ್ಸಕ್ಕ, ಕುಮಟಾ

ಆ ಕೊನೆಯ ಮಾತೇ ನನಗೆ ಚಿಂತೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದವರಲ್ಲಿ ಕೆಲವರಿಗೆ ಪಾದದ ನರ ಮಂದ ಆಗುತ್ತದೆ. ಕಲ್ಲು ಚುಚ್ಚಿದರೆ ಗೊತ್ತಾಗುವುದಿಲ್ಲ, ಗುಳ್ಳೆ ಒಡೆದರೆ ಗೊತ್ತಾಗುವುದಿಲ್ಲ. ನೋವು ಇಲ್ಲದ್ದರಿಂದ ನಡೆಯುತ್ತಲೇ ಇರುತ್ತಾರೆ. ಗಾಯ ಬೇಗ ಮಾಯುವುದೂ ಇಲ್ಲ. ನಾನು ಕೆಲಸ ಮಾಡಿದ ಕಡೆ ಬೆರಳು ತೆಗೆಯಬೇಕಾಗಿ ಬಂದವರನ್ನು ನೋಡಿದ್ದೇನೆ. ಶುರುವಾದದ್ದು ಹೆಚ್ಚಿನ ಸಲ ಸಣ್ಣದರಿಂದ. ಒಂದು ಚಪ್ಪಲಿ ಕಚ್ಚಿದ ಗಾಯ, ಒಂದು ಮುಳ್ಳು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಮ್ಮನನ್ನು ಕಾಲು ಚಾಚಿ ಕೂರಿಸಿ, ಕಣ್ಣು ಮುಚ್ಚಿಸಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಈ ಆರರ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೊಂದಾಗಿ ಮುಟ್ಟಿ. ಗರಿ ಮುಟ್ಟಿದ ಹಾಗೆ ಹಗುರ, ಒಂದೆರಡು ಸೆಕೆಂಡು. ಒತ್ತಬೇಡಿ, ಉಜ್ಜಬೇಡಿ. ಮುಟ್ಟಿದಾಗೆಲ್ಲ 'ಹೂಂ' ಅನ್ನಲು ಹೇಳಿ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಡಾಕ್ಟರ್‌ಗೆ ತೋರಿಸದೆ ಶೂ ಅಂಗಡಿಗೆ ಹೋಗಬೇಡಿ. ಎಲ್ಲ ಗೊತ್ತಾದರೂ ಹೊರಡುವ ಮೊದಲು ಒಮ್ಮೆ ಪಾದ ತೋರಿಸಿಕೊಂಡೇ ಹೋಗಿ.

ಯಲ್ಲಾಪುರ ಮಳೆ

ಮಧ್ಯೆ ಒಂದು ಮಾತು. ಸಾಕ್ಸ್ ಹತ್ತಿಯದು ಬೇಡ. ಹತ್ತಿ ನೀರು ಕುಡಿದು ಹಾಗೇ ಕೂರುತ್ತದೆ, ಒದ್ದೆ ಚರ್ಮಕ್ಕೆ ಉಜ್ಜಿ ಗುಳ್ಳೆ ಎಬ್ಬಿಸುತ್ತದೆ. ಬೇಗ ಒಣಗುವ ತೆಳು ಸಾಕ್ಸ್ ಮೂರು ಜೊತೆ ಸಾಕು. ಒಂದು ಕಾಲಲ್ಲಿ, ಒಂದು ಚೀಲದಲ್ಲಿ, ಒಂದು ಚೀಲದ ಹೊರಗೆ ಪಿನ್ ಹಾಕಿ ಒಣಗಲಿಕ್ಕೆ. ರಾತ್ರಿ ಶೂ ಒಳಗೆ ಹಳೆ ಪೇಪರ್ ಮುದ್ದೆ ಮಾಡಿ ತುರುಕಿ, ಒಂದು ತಾಸಿನ ನಂತರ ಬದಲಿಸಿ. ನಮ್ಮಲ್ಲಿ ಶಾಲೆ ಮಕ್ಕಳ ಶೂ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗುವುದೇ ಹಾಗೆ.

ಉಂಬಳದ (ಜಿಗಣೆಯ) ಚಿಂತೆ ಆ ದಾರಿಯಲ್ಲಿ ಇಲ್ಲ. ಇಲ್ಲಿ ಕಾಡಿನಲ್ಲಿ ನಡೆದು ಅಭ್ಯಾಸ ಮಾಡುವುದಾದರೆ ಮಾತ್ರ ಸುಣ್ಣ, ಹೊಗೆಸೊಪ್ಪು ಇರಲಿ.

ಕಾಳಿ ದಂಡೆ, ಕಾರವಾರ

ನರ್ಸಕ್ಕ, ನಿನ್ನೆ ರಾತ್ರಿ ಊಟ ಆದ ಮೇಲೆ ಮಾಡಿದೆವು. ಅಮ್ಮ ಜಗಲಿಯಲ್ಲಿ ಗೋಡೆಗೆ ಒರಗಿ ಕೂತರು. ಇದೇನು ಆಟ ಅಂತ ನಗುತ್ತಿದ್ದರು. ಬಲಗಾಲಿನ ಹೆಬ್ಬೆರಳು ಮುಟ್ಟಿದೆ. ಹೂಂ ಅಂದರು. ನಡುಬೆರಳು, ಹೂಂ. ಆಮೇಲೆ ಕಿರುಬೆರಳ ತುದಿಯಲ್ಲಿ ಬೆರಳು ಇಟ್ಟೆ. ಸುಮ್ನೆ ಇದ್ದರು. ನಾನೂ ಸುಮ್ನೆ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಕೇಳಿದರು, 'ಎಲ್ಲಿ, ಮುಟ್ಟು ಮತ್ತೆ?' ನನ್ನ ಬೆರಳು ಅಲ್ಲೇ ಇತ್ತು.

ಎಡಗಾಲಿನಲ್ಲಿ ನಡುಬೆರಳು, ಕಿರುಬೆರಳು ಎರಡೂ ಗೊತ್ತಾಗಲಿಲ್ಲ. ಒಟ್ಟು ಮೂರು. ಕಣ್ಣು ಬಿಟ್ಟ ಮೇಲೆ ಅಮ್ಮ ತಮ್ಮ ಪಾದವನ್ನು ಮಡಿಲಿಗೆ ಎಳೆದುಕೊಂಡು ತುಂಬಾ ಹೊತ್ತು ನೋಡುತ್ತಾ ಕೂತಿದ್ದರು. ಹಿಮ್ಮಡಿಯ ಒಡಕಿನಲ್ಲಿ ಒಂದು ಸಣ್ಣ ಗಾಯ ಇತ್ತು, ಒಣಗಿದ ರಕ್ತ. ಯಾವಾಗ ಆಯಿತೋ ಅವರಿಗೇ ತಿಳಿದಿಲ್ಲ.

ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ.

ಅಂಕೋಲೆ ಗಜನಿ

ತಂಗಿ, ಸಕ್ಕರೆ ಕಾಯಿಲೆ ವಿಷಯ ಗೊತ್ತಿದ್ದರೆ ನಾನು ಹಾಗೆ ಬರೆಯುತ್ತಿರಲಿಲ್ಲ. ನನ್ನ ಮಾತು ನನ್ನ ಕಾಲಿಗೆ ಸರಿ. ಮೊದಲು ತೋರಿಸಿ ಬನ್ನಿ.

ಅಘನಾಶಿನಿ ನರ್ಸಕ್ಕ, ಕುಮಟಾ

ಒಳ್ಳೆ ಕೆಲಸ ಮಾಡಿದಿರಿ. ಇದರಿಂದ ಯಾತ್ರೆ ನಿಂತಿತು ಅಂತ ತಿಳಿಯಬೇಡಿ. ಕಾಲಿಗೆ ಏನು ಹಾಕಬೇಕು ಅನ್ನುವುದು ಈಗ ಸ್ಪಷ್ಟ ಆಯಿತು, ಅಷ್ಟೇ.

ಬರಿಗಾಲಿನ ಬಗ್ಗೆ ಎಲ್ಲರಿಗೂ ಒಂದು ಮಾತು. ಮಳೆಗಾಲದಲ್ಲಿ ಇಲಿಜ್ವರದ ಭಯ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಇಲಿಯ ಮೂತ್ರ ಸೇರಿದ ನಿಂತ ನೀರು, ಕಾಲಿನಲ್ಲಿ ಒಂದು ಗೀರು, ಇಷ್ಟು ಸಾಕು. ಲಕ್ಷಗಟ್ಟಲೆ ಜನ ನಡೆಯುವ ದಾರಿಯಲ್ಲಿ, ಕೆಸರಿನ ಡೇರೆಗಳ ಸುತ್ತ, ಗಾಯದ ಕಾಲು ಬರಿದಾಗಿ ಇಡಬೇಡಿ. ವಾರಿಯಿಂದ ಬಂದ ಮೇಲೆ ಜ್ವರ ಬಂದರೆ ಡಾಕ್ಟರ್‌ಗೆ ನೀರಲ್ಲಿ ನಡೆದ ವಿಷಯ ತಪ್ಪದೆ ಹೇಳಿ.

ಗುಳ್ಳೆ ಎದ್ದರೆ ಸೂಜಿ ದಾರ ಪೋಣಿಸಿ ದಾರವನ್ನು ಅಲ್ಲೇ ಬಿಡುವ ಪದ್ಧತಿ ಇದೆ. ನೀರು ಇಳಿಯುತ್ತದೆ, ನಿಜ. ಆದರೆ ಆ ದಾರವೇ ಕೊಳೆಯನ್ನು ಒಳಗೆ ಕರೆದೊಯ್ಯುತ್ತದೆ. ಸಣ್ಣ ಗುಳ್ಳೆ ಒಡೆಯಬೇಡಿ, ಮೇಲೆ ಪಟ್ಟಿ ಅಂಟಿಸಿ. ಅಮ್ಮನ ಕಾಲಿನ ಯಾವ ಗುಳ್ಳೆಯನ್ನೂ ನೀವು ಮುಟ್ಟಬೇಡಿ. ದಾರಿಯಲ್ಲಿ ವೈದ್ಯಕೀಯ ಶಿಬಿರಗಳು ಇರುತ್ತವೆ, ಅಲ್ಲಿ ತೋರಿಸಿ.

ಸೋಂದೆ ದಾರಿಹೋಕ, ಶಿರಸಿ

ಹೌದು, ಆ ದಾರಿಯಲ್ಲಿ ಕಾಲಿಗೆ ಸಿಗುವ ಮರ್ಯಾದೆ ಬೇರೆ ಎಲ್ಲೂ ನೋಡಿಲ್ಲ. ಊರೂರಿನಲ್ಲಿ ಜನ ಎಣ್ಣೆ ಹಿಡಿದು ಕೂತಿರುತ್ತಾರೆ. 'ಮಾವುಲಿ (ತಾಯಿ), ಬನ್ನಿ' ಅಂತ ಕೂರಿಸಿ ಅಂಗಾಲು, ಮೀನಖಂಡ ಉಜ್ಜಿ ಕಳಿಸುತ್ತಾರೆ. ಹರಿದ ಚಪ್ಪಲಿಯನ್ನು ದುಡ್ಡು ತಗೊಳ್ಳದೆ ಹೊಲಿದು ಕೊಡುವವರು ಇದ್ದಾರೆ. ಎರಡನೇ ವಾರಿಯಲ್ಲಿ ಫಲಟಣದ ಹತ್ತಿರ ನನ್ನ ಸ್ಯಾಂಡಲ್ ಬಾರು ಕಿತ್ತಿತು. ರಸ್ತೆ ಬದಿಯ ಹಿರಿಯರೊಬ್ಬರು ಮೇಣ ಸವರಿದ ದಾರದಲ್ಲಿ ಏಳು ಹೊಲಿಗೆ ಹಾಕಿದರು. ಹಣ ಕೊಡಲು ಹೋದರೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆ ಹೊಲಿಗೆ ಇನ್ನೂ ಬಿಟ್ಟಿಲ್ಲ.

ಹವೆಯ ಬಗ್ಗೆ ಒಂದು ತಿಳುವಳಿಕೆ. ಮಳೆ ಜಾಸ್ತಿ ಇರುವುದು ಶುರುವಿನಲ್ಲಿ. ಲೋಣಂದ, ಫಲಟಣ ದಾಟಿ ಮಾಳಶಿರಸ ಕಡೆ ಹೋದ ಹಾಗೆ ಒಣ ನಾಡು, ಮಳೆ ಕಡಿಮೆ. ಬಿಸಿಲು ಬಂದರೆ ಸರಿಯಾಗಿ ಬರುತ್ತದೆ. ದಾರಿಯೂ ಈಗ ಬಹಳಷ್ಟು ಕಡೆ ಅಗಲದ ಗಟ್ಟಿ ಹೆದ್ದಾರಿ. ಹವಾಯಿ ಚಪ್ಪಲಿಯ ತೆಳು ಅಟ್ಟೆಯಲ್ಲಿ ಅದರ ಮೇಲೆ ದಿನಕ್ಕೆ 20 ಕಿ.ಮೀ. ನಡೆದರೆ ಹಿಮ್ಮಡಿ ಮೂಳೆಯೇ ನೋಯುತ್ತದೆ. ಹವಾಯಿ ಸ್ನಾನಕ್ಕೆ, ಬಹಿರ್ದೆಸೆಗೆ ಮಾತ್ರ.

ಕಾಲಿಗೆ ಬೆಳಿಗ್ಗೆ ವ್ಯಾಸಲೀನ್, ಬೆರಳ ಸಂದಿಗೆ, ಹಿಮ್ಮಡಿಗೆ. ರಾತ್ರಿ ತೊಳೆದು, ಒರೆಸಿ, ಗಾಳಿಗೆ ಬಿಟ್ಟು, ಪೌಡರ್.

ಹಳಿಯಾಳದವ

ನಮ್ಮ ಅಮ್ಮ ನಾಟಿಗೆ ಇಳಿಯುವ ಮೊದಲು ಮದರಂಗಿ ಸೊಪ್ಪು ಅರೆದು ಅಂಗಾಲಿಗೆ, ಬೆರಳ ಸಂದಿಗೆ ಹಚ್ಚುತ್ತಿದ್ದರು. ಕೆಸರುಹುಣ್ಣು ಆಗುವುದಿಲ್ಲ ಅಂತ. ಅದು ವಾರಿಗೂ ಆಗುತ್ತದೆಯೇ?

ಯಲ್ಲಾಪುರ ಮಳೆ

ನಮ್ಮಲ್ಲೂ ಹಚ್ಚುತ್ತಾರೆ. ಹೊರಡುವ ನಾಲ್ಕು ದಿನ ಮೊದಲು ಹಚ್ಚಿದರೆ ನಷ್ಟ ಏನಿಲ್ಲ. ಮನೆ ಗಿಡದ ಸೊಪ್ಪೇ ಇರಲಿ, ಅಂಗಡಿಯ ಕೋನ್ ಬೇಡ. ಗಾಯ ಇದ್ದ ಕಾಲಿಗಂತೂ ಹಚ್ಚಬೇಡಿ.

ಕಾಳಿ ದಂಡೆ, ಕಾರವಾರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಡಾಕ್ಟರ್ ನೋಡಿದರು. ಪಾದದಲ್ಲಿ ರಕ್ತ ಓಡಾಟ ಚೆನ್ನಾಗಿದೆ, ಸ್ಪರ್ಶ ಕಡಿಮೆ ಆಗಿದೆ ಅಂದರು. ಹಿಮ್ಮಡಿ ಗಾಯ ಪೂರ್ತಿ ಮಾಯಬೇಕು, ಅಲ್ಲಿಯ ತನಕ ಅಭ್ಯಾಸ ಕೂಡ ಇಲ್ಲ. ಆಮೇಲೆ ನಡೆಯಬಹುದು, ಆದರೆ ಬರಿಗಾಲು ಒಂದು ಹೆಜ್ಜೆಯೂ ಇಲ್ಲ, ಡೇರೆ ಒಳಗೆ ಕೂಡ. ಹಗಲಿಗೆ ಮುಂಭಾಗ ಅಗಲ ಇರುವ ಮೆತ್ತಗಿನ ಶೂ. ಸಂಜೆಗೆ ಎಂಸಿಆರ್ (ಮೆತ್ತಗಿನ ರಬ್ಬರ್ ಅಟ್ಟೆಯ) ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು, ಬೆರಳ ಸಂದಿಗೆ ಬಾರು ಇಲ್ಲದ್ದು. ಸಾಕ್ಸ್ ಬಿಳಿಯದೇ ಆಗಬೇಕು ಅಂದರು. ನಾನು ಯಾಕೆ ಅಂತ ಕೇಳಿದೆ. 'ರಕ್ತ ಬಂದರೆ ಅವರಿಗೆ ಗೊತ್ತಾಗುವುದಿಲ್ಲ, ನಿಮಗೆ ಕಾಣಬೇಕು' ಅಂದರು. ಶೂ ಹಾಕುವ ಮೊದಲು ಪ್ರತಿ ಸಲ ಒಳಗೆ ಕೈ ಹಾಕಿ ತಡವಿ ನೋಡಬೇಕು, ಕಲ್ಲಿನ ಚೂರು, ಹೊಲಿಗೆಯ ಗಂಟು ಏನಿದ್ದರೂ ಸಿಗಲಿ ಅಂತ. ದಿನಕ್ಕೆ ಅರ್ಧ ನಡಿಗೆ, ಅರ್ಧ ದಿಂಡಿಯ ಗಾಡಿ.

ಹರಕೆ ವಿಷಯಕ್ಕೆ ಎರಡು ದಿನ ಅಮ್ಮ ಮಾತಾಡಲಿಲ್ಲ. ಅಡುಗೆ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಲು ಹೇಳಿದ್ದಕ್ಕೇ ಬೇಜಾರು ಇತ್ತು. ನಿನ್ನೆ ಸೋಂದೆಯವರು ಬರೆದದ್ದನ್ನು ಓದಿ ಹೇಳಿದೆ, ಎಣ್ಣೆ ಉಜ್ಜುವವರದ್ದು, ಏಳು ಹೊಲಿಗೆಯದ್ದು. ಎರಡು ಸಲ ಓದಿಸಿಕೊಂಡರು. ಇವತ್ತು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಅವರೇ ಹೇಳಿಕೊಂಡರು: ನನ್ನ ಕಾಲು ಬರಿದಾಗಿ ಇಡಲು ಆಗುವುದಿಲ್ಲ, ಅದರ ಬದಲು ದಿನಾ ಸಂಜೆ ನಡೆದು ಬಂದ ಐದು ಜನರ ಕಾಲು ತೊಳೆದು ಒತ್ತಿಕೊಡುತ್ತೇನೆ, ಒಪ್ಪಿಸಿಕೋ ಅಂತ. ಆಮೇಲೆ ನನ್ನ ಹತ್ತಿರ ಬಂದು, ಎರಡು ಬಾಟಲಿ ತೆಂಗಿನೆಣ್ಣೆ ಚೀಲದಲ್ಲಿ ಹಿಡಿಯುತ್ತದಾ ಅಂತ ಕೇಳಿದರು.

ಅಂಕೋಲೆ ಗಜನಿ

ಎಣ್ಣೆ ನಾನು ಕೊಡುತ್ತೇನೆ. ನಮ್ಮದೇ ಗಾಣದ್ದು. ಯಾವಾಗ ಬರಲಿ ಹೇಳಿ.

ಸೋಂದೆ ದಾರಿಹೋಕ, ಶಿರಸಿ

ಲಾರಿಯಲ್ಲಿ ಹಿಡಿಯುತ್ತದೆ. ಬಾಟಲಿ ಬೇಡ, ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ.

ಅಭ್ಯಾಸ ಎಲ್ಲಿ ಮಾಡುತ್ತೀರಿ? ಬೀಚ್ ಮರಳಿನಲ್ಲಿ ನಡೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೀನಖಂಡಕ್ಕೆ ಒಳ್ಳೆಯದು, ಆದರೆ ಶೂ ಎಲ್ಲಿ ಕಚ್ಚುತ್ತದೆ ಅನ್ನುವುದು ಟಾರ್ ಮೇಲೆ ಮಾತ್ರ ಗೊತ್ತಾಗುವುದು. ನಾನು ಶಿರಸಿಯಿಂದ ಬನವಾಸಿಗೆ ನಡೆಯುತ್ತೇನೆ, 22 ಕಿ.ಮೀ. ಆಸುಪಾಸು. ಒಮ್ಮೆಯಾದರೂ ಮಳೆಯಲ್ಲೇ ನಡೆಯಿರಿ, ಒದ್ದೆ ಶೂನಲ್ಲಿ.

ಕಾಳಿ ದಂಡೆ, ಕಾರವಾರ

ಎಲ್ಲರಿಗೂ ಏನು ಹೇಳಲಿ. ಗಜನಿ ಅಣ್ಣ, ಭಾನುವಾರ ಬನ್ನಿ, ಊಟ ನಮ್ಮಲ್ಲೇ.

ಶೂ ಬಂತು. ಸಂಜೆ ಆರಕ್ಕೆ ಹೋಗಿದ್ದೆವು. ಅಮ್ಮ ಯಾವಾಗಲೂ 5 ನಂಬರ್ ಹಾಕುವವರು, ಬಿಳಿ ಸಾಕ್ಸ್ ಹಾಕಿ ನೋಡಿದರೆ 6 ಬೇಕಾಯಿತು. ನನಗೂ ಒಂದು ನಂಬರ್ ದೊಡ್ಡದು, ಬಲೆಬಟ್ಟೆಯದು. ಅಮ್ಮನ ಹಿಮ್ಮಡಿ ಇನ್ನೂ ಮಾಯುತ್ತಿದೆ. ಡಾಕ್ಟರ್ ಹೂಂ ಅಂದ ಮೇಲೆ ಮೊದಲ ದಿನ ಕೋಡಿಬಾಗದ ತನಕ, ಆಮೇಲೆ ಸೇತುವೆ ದಾಟಿ ಸದಾಶಿವಗಡ, ಕೊನೆಗೆ ಮಾಜಾಳಿ. ಅಲ್ಲಿಯ ತನಕ ನಾನೊಬ್ಬಳೇ ನಡೆಯುತ್ತೇನೆ.

ರಾತ್ರಿ ಪಾದ ನೋಡಲು ಅಪ್ಪ ತಮ್ಮ ಶೇವಿಂಗ್ ಕನ್ನಡಿ ಕೊಟ್ಟಿದ್ದಾರೆ. ಅಮ್ಮ ಅದನ್ನು ನೆಲಕ್ಕೆ ಇಟ್ಟು ಅಂಗಾಲು ಅದರ ಮೇಲೆ ಹಿಡಿದು ನೋಡುತ್ತಾರೆ. ನರ್ಸಕ್ಕ, ಬೆರಳ ಸಂದಿಯೂ ಅದರಲ್ಲೇ ನೋಡಿದರೆ ಸಾಕಾ?

ಅಘನಾಶಿನಿ ನರ್ಸಕ್ಕ, ಕುಮಟಾ

ಸಂದಿ ಕನ್ನಡಿಯಲ್ಲಿ ಸರಿ ಕಾಣುವುದಿಲ್ಲ. ಅದನ್ನು ನೀವೇ ಬಿಡಿಸಿ ನೋಡಿ, ಟಾರ್ಚ್ ಹಾಕಿ. ಒಣ ಬಟ್ಟೆಯಲ್ಲಿ ಒರೆಸಿ. ಮತ್ತೆ, ಅಮ್ಮನ ಸಂದಿಗೆ ವ್ಯಾಸಲೀನ್, ಎಣ್ಣೆ ಯಾವುದೂ ಬೇಡ. ಅಲ್ಲಿ ಒಣಗಿಯೇ ಇರಬೇಕು.